ಮೂರು ಸಲ ದೇಶ ಬಿಟ್ಟ ಅಧ್ಯಕ್ಷ: ಕ್ಯೂಬಾದ ಕಾರ್ಲೋಸ್ ಪ್ರಿಯೊ

ತುಂಗಾತೀರ:

ಕ್ಯೂಬಾ ಅಂದರೆ ನಮ್ಮಲ್ಲಿ ಮಾತು ಕ್ಯಾಸ್ಟ್ರೊ, ಚೆ ಗೆವಾರ ಅಂತ ಶುರುವಾಗಿ ಅಲ್ಲೇ ಮುಗಿಯುತ್ತದೆ. ಅವರು ಓಡಿಸಿದ್ದು ಸರ್ವಾಧಿಕಾರಿ ಬಟಿಸ್ಟಾನನ್ನು ಅಂತ ಬಹಳ ಜನಕ್ಕೆ ಗೊತ್ತು. ಆದರೆ ಬಟಿಸ್ಟಾ ಓಡಿಸಿದ್ದು ಯಾರನ್ನು ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಆ ಮನುಷ್ಯನ ಹೆಸರು ಕಾರ್ಲೋಸ್ ಪ್ರಿಯೊ ಸೊಕರಾಸ್. 1948ರಲ್ಲಿ ಜನರ ಮತದಿಂದ ಗೆದ್ದು, 1952ರ ಮಾರ್ಚ್ 10ರಂದು ಪದಚ್ಯುತನಾದವರು. ಅವರ ಕೊನೆಯ 25 ವರ್ಷಗಳ ಬಗ್ಗೆ ಇಲ್ಲಿ ಮಾತಾಡಬೇಕು ಅನ್ನಿಸಿದೆ.

1952ರ ಜೂನ್ 1ಕ್ಕೆ ಚುನಾವಣೆ ಗೊತ್ತಾಗಿತ್ತು. ಕಣದಲ್ಲಿ ಮೂವರಿದ್ದರು: ಪ್ರಿಯೊ ಅವರ ಔತೆಂತಿಕೊ ಪಕ್ಷದ ಕಾರ್ಲೋಸ್ ಹೇವಿಯಾ, ಒರ್ತೊದೊಕ್ಸೊ ಪಕ್ಷದ ರೊಬೆರ್ತೊ ಅಗ್ರಮೋಂತೆ, ಮತ್ತು ಬಟಿಸ್ಟಾ. ಸಮೀಕ್ಷೆಗಳಲ್ಲಿ ಬಟಿಸ್ಟಾ ಮೂರನೆಯವನು. ಮತಪೆಟ್ಟಿಗೆ ತನ್ನ ಕಡೆ ಇಲ್ಲ ಅಂತ ಖಾತ್ರಿಯಾದ ಮೇಲೆ ಒಂದು ನಸುಕಿನಲ್ಲಿ ಹವಾನಾದ ಕೊಲಂಬಿಯಾ ಸೇನಾ ಶಿಬಿರಕ್ಕೆ ನುಗ್ಗಿದ. ಬೆಳಗಾಗುವಷ್ಟರಲ್ಲಿ ಸೇನೆ ಅವನದಾಗಿತ್ತು. ಹವಾನಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪ್ರಿಯೊ ಬಳಿ ಹೋಗಿ "ಆಯುಧ ಕೊಡಿ, ನಾವು ಕಾದಾಡುತ್ತೇವೆ" ಅಂದರು. ಕೊಡುತ್ತೇನೆ ಅಂದರು, ಆಯುಧ ಬರಲೇ ಇಲ್ಲ. ಪ್ರಿಯೊ ಮತಾನ್ಸಾಸ್ ಕಡೆ ಹೊರಟರು. ಅಷ್ಟರಲ್ಲಿ ಅಲ್ಲಿಯ ಪಡೆಯೂ ಕೈತಪ್ಪಿತ್ತು. ಕೊನೆಗೆ ಮೆಕ್ಸಿಕೊ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದು, ವಿಮಾನ ಹತ್ತಿ ಮೆಕ್ಸಿಕೊಗೆ, ಅಲ್ಲಿಂದ ಮಯಾಮಿಗೆ. ಅಮೆರಿಕ ಮಾರ್ಚ್ 27ಕ್ಕೇ ಬಟಿಸ್ಟಾ ಸರ್ಕಾರಕ್ಕೆ ಮಾನ್ಯತೆ ಕೊಟ್ಟುಬಿಟ್ಟಿತು.

ನನ್ನ ವಾದ ಇಷ್ಟು. ಪ್ರಿಯೊ ದೇಶಭ್ರಷ್ಟರಾಗಿ ಹೋಗುವಾಗ ಅವರ ಹತ್ತಿರ ಎರಡು ವಸ್ತು ಇರಬೇಕಿತ್ತು: ಜನ ಕೊಟ್ಟ ಅಧಿಕಾರದ ಮರ್ಯಾದೆ ಮತ್ತು ಹಣ. ಮೊದಲನೆಯದನ್ನು ಕುರ್ಚಿಯಲ್ಲಿ ಕೂತಿದ್ದಾಗಲೇ ಖರ್ಚು ಮಾಡಿಕೊಂಡಿದ್ದರು. ಉಳಿದದ್ದು ಹಣ. ಹಾಗಾಗಿ ಮುಂದೆ ಬಂದವರೆಲ್ಲ ಅವರ ಹಣ ತೆಗೆದುಕೊಂಡರು, ಅವರನ್ನು ಯಾರೂ ಕರೆದುಕೊಳ್ಳಲಿಲ್ಲ.

ಪ್ರಶ್ನೆಗಾರ:

ಸರ್, ಸ್ವಲ್ಪ ಹಿನ್ನೆಲೆ ಹೇಳಿ. ಈ ಮನುಷ್ಯ ಭ್ರಷ್ಟ ಅಂತ ಒಂದು ಮಾತಲ್ಲಿ ಹೇಳಿಬಿಟ್ಟರೆ ಹೇಗೆ? ಸೇನೆ ಕಟ್ಟಿಕೊಂಡು ಬಂದವನು ಮಾಡಿದ ತಪ್ಪನ್ನು ಪದಚ್ಯುತನ ತಲೆಗೆ ಕಟ್ಟಿದ ಹಾಗಾಯಿತಲ್ಲ?

ಇತಿಹಾಸ ಮೇಷ್ಟ್ರು:

ಪ್ರಶ್ನೆ ಸರಿಯಾಗಿದೆ. ಪ್ರಿಯೊ ಹುಟ್ಟಿದ್ದು 1903ರಲ್ಲಿ, ಪಿನಾರ್ ದೆಲ್ ರಿಯೊ ಪ್ರಾಂತ್ಯದ ಬಹಿಯಾ ಓಂದಾದಲ್ಲಿ. ಕಾನೂನು ವಿದ್ಯಾರ್ಥಿಯಾಗಿದ್ದಾಗ ಸರ್ವಾಧಿಕಾರಿ ಹೆರಾರ್ದೊ ಮಚಾದೊ ವಿರುದ್ಧ ಬೀದಿಗಿಳಿದು ಜೈಲು ಕಂಡ ಹುಡುಗ. 1930ರ ಆ ವಿದ್ಯಾರ್ಥಿ ತಲೆಮಾರಿನ ಬಗ್ಗೆ ಕ್ಯೂಬಾದಲ್ಲಿ ತುಂಬಾ ಗೌರವ ಇತ್ತು. 1940ರ ಸಂವಿಧಾನ ಬರೆದ ಸಭೆಯಲ್ಲಿ ಪ್ರಿಯೊ ಸದಸ್ಯರು. ಆಮೇಲೆ ಸೆನೆಟರ್, ರಮೋನ್ ಗ್ರಾವ್ ಸಾನ್ ಮಾರ್ಟಿನ್ ಸರ್ಕಾರದಲ್ಲಿ ಪ್ರಧಾನಿ, ಕಾರ್ಮಿಕ ಮಂತ್ರಿ, ಕೊನೆಗೆ ಅಧ್ಯಕ್ಷ.

ಒಳ್ಳೆಯ ಕೆಲಸಗಳೂ ಇವೆ. ಕ್ಯೂಬಾಕ್ಕೆ ಸ್ವಂತದ್ದೊಂದು ಕೇಂದ್ರ ಬ್ಯಾಂಕು ಬಂದದ್ದು ಇವರ ಕಾಲದಲ್ಲಿ. ಅದರ ಮೊದಲ ಅಧ್ಯಕ್ಷ ಫೆಲಿಪೆ ಪಾಸೊಸ್, ದಕ್ಷ ಅರ್ಥಶಾಸ್ತ್ರಜ್ಞ. ಸರ್ಕಾರದ ಲೆಕ್ಕಪತ್ರ ತನಿಖೆಗೆ ಒಂದು ನ್ಯಾಯಮಂಡಳಿಯೂ ಬಂತು. ಪತ್ರಿಕೆ, ರೇಡಿಯೊ ಬಾಯಿಗೆ ಬಂದ ಹಾಗೆ ಬೈದರೂ ಸಹಿಸಿಕೊಂಡರು. ಜನ ಅವರನ್ನು ಸೌಹಾರ್ದದ ಅಧ್ಯಕ್ಷ ಅಂತಲೇ ಕರೆಯುತ್ತಿದ್ದರು.

ಇನ್ನೊಂದು ಮಗ್ಗುಲು ಕತ್ತಲು. ರಾಜಕೀಯದ ಹೆಸರಿನಲ್ಲಿ ಪಿಸ್ತೂಲು ಹಿಡಿದ ಗುಂಪುಗಳು ಹವಾನಾದ ಬೀದಿಯಲ್ಲಿ ಕೊಲೆ ಮಾಡುತ್ತಿದ್ದವು, ಅವುಗಳಲ್ಲಿ ಹಲವರಿಗೆ ಸರ್ಕಾರಿ ಸಂಬಳ ಇತ್ತು. ಅಧ್ಯಕ್ಷರ ತಮ್ಮ ಆಂತೋನಿಯೊ ಹಣಕಾಸು ಮಂತ್ರಿ. ಊರಾಚೆ ಲಾ ಚಾತಾ ಎಂಬ ಅಧ್ಯಕ್ಷರ ತೋಟದ ಮನೆ, ಅದರ ಈಜುಕೊಳ, ಜಲಪಾತ ಎಲ್ಲ ಪತ್ರಿಕೆಯಲ್ಲಿ ಸುದ್ದಿ. ಒರ್ತೊದೊಕ್ಸೊ ಪಕ್ಷ ಕಟ್ಟಿದ ಎದುವಾರ್ದೊ ಚಿಬಾಸ್ ಅನ್ನುವ ನಾಯಕ ಪೊರಕೆಯನ್ನೇ ಗುರುತಾಗಿ ಇಟ್ಟುಕೊಂಡು ಭಾನುವಾರ ಭಾನುವಾರ ರೇಡಿಯೊದಲ್ಲಿ ಸರ್ಕಾರವನ್ನು ಜಾಡಿಸುತ್ತಿದ್ದರು. 1951ರ ಆಗಸ್ಟ್‌ನಲ್ಲಿ ಅಂಥ ಒಂದು ಭಾಷಣದ ಕೊನೆಗೆ ತಮಗೇ ಗುಂಡು ಹಾರಿಸಿಕೊಂಡರು. ಆ ಸಾವಿನ ಶವಯಾತ್ರೆಗೆ ಹವಾನಾ ಹವಾನಾನೇ ಬಂದಿತ್ತು. ಏಳು ತಿಂಗಳ ನಂತರ ಪ್ರಿಯೊಗಾಗಿ ಬೀದಿಗೆ ಬಂದವರು ಆ ವಿದ್ಯಾರ್ಥಿಗಳು ಬಿಟ್ಟರೆ ಹೆಚ್ಚು ಕಡಿಮೆ ಯಾರೂ ಇಲ್ಲ. ತುಂಗಾತೀರ ಅವರ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕರಾವಳಿ ಹುಡುಗ:

ಒಂದು ವಿಷಯ ಸೇರಿಸುತ್ತೇನೆ, ಬಹಳ ಜನಕ್ಕೆ ತಿಳಿದಿರಲಿಕ್ಕಿಲ್ಲ. 1944ರಲ್ಲಿ ತನ್ನ ಮೊದಲ ಅಧ್ಯಕ್ಷ ಅವಧಿ ಮುಗಿದ ಮೇಲೆ ಬಟಿಸ್ಟಾ ಕೂಡ ಹೊರದೇಶದಲ್ಲೇ ಇದ್ದ, ಫ್ಲಾರಿಡಾದ ಡೇಟೋನಾ ಬೀಚಿನಲ್ಲಿ. 1948ರಲ್ಲಿ ಅಲ್ಲಿಂದಲೇ ಸೆನೆಟಿಗೆ ಗೆದ್ದ. ಅವನು ಊರಿಗೆ ಬರಲಿ, ರಕ್ಷಣೆ ಕೊಡೋಣ ಅಂತ ಒಪ್ಪಿದ್ದು ಸ್ವತಃ ಪ್ರಿಯೊ. ಪ್ರಜಾಪ್ರಭುತ್ವದಲ್ಲಿ ವಿರೋಧಿಗೂ ಜಾಗ ಇರಬೇಕು ಅಂತ ನಂಬಿದ್ದಕ್ಕೆ ಸಿಕ್ಕ ಫಲ ಅದು. ಇದನ್ನು ಓದಿದಾಗ ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಹೊಟ್ಟೆ ಉರಿಯಿತು.

ಮಯಾಮಿ ಕನ್ನಡತಿ:

ಇದೇ ಊರಲ್ಲಿ ವಾಸ, ಹಾಗಾಗಿ ಬರೆಯದೆ ಇರಲಾಗಲಿಲ್ಲ. ಇಲ್ಲಿಯ ಎಂಟನೇ ಬೀದಿಗೆ, ಅಂದರೆ ಕಾಯೆ ಓಚೋಗೆ ಬಂದರೆ ಇವತ್ತಿಗೂ ಕ್ಯೂಬಾದ ರಾಜಕೀಯ ಕಿವಿಗೆ ಬೀಳುತ್ತದೆ. ಮಾಕ್ಸಿಮೊ ಗೋಮೆಸ್ ಪಾರ್ಕಿನಲ್ಲಿ ವಯಸ್ಸಾದವರು ಮೇಜಿನ ಸುತ್ತ ಕೂತು ಡೊಮಿನೊ ಆಡುತ್ತಾರೆ, ಬಿಲ್ಲೆಗಳನ್ನು ಟಪಟಪ ಅಂತ ಕುಟ್ಟುತ್ತಾ ಐವತ್ತು ಅರವತ್ತು ವರ್ಷದ ಹಿಂದಿನ ಜಗಳವನ್ನು ನಿನ್ನೆ ನಡೆದ ಹಾಗೆ ಆಡುತ್ತಾರೆ. ಹೋಟೆಲಿನ ಕಿಟಕಿಯ ಮುಂದೆ ನಿಂತು ಕುಡಿಯುವ ಕಾಫಿ ನಮ್ಮ ಬೈಟು ಕಾಫಿಗಿಂತ ಚಿಕ್ಕ ಲೋಟ, ಡಿಕಾಕ್ಷನ್ನಿಗಿಂತ ಗಟ್ಟಿ, ಸಕ್ಕರೆ ಕೈಬಿಚ್ಚಿ. ಹಳಬರ ಮನೆಗಳಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಲೋಟ ಎತ್ತಿ "ಬರುವ ವರ್ಷ ಕ್ಯೂಬಾದಲ್ಲಿ" ಅನ್ನುವ ವಾಡಿಕೆ ಇದೆ. ಎಷ್ಟೋ ವರ್ಷ ಹಾಗೇ ಅಂದುಕೊಂಡು ಇಲ್ಲೇ ಮಣ್ಣಾದವರು ಇದ್ದಾರೆ.

ಪ್ರಿಯೊ ಅವರ ಸಮಾಧಿ ಇದೇ ಬೀದಿಯ ವುಡ್‌ಲಾನ್ ಪಾರ್ಕ್ ಸ್ಮಶಾನದಲ್ಲಿದೆ. ಅದೇ ಸ್ಮಶಾನದಲ್ಲಿ ಮಚಾದೊ ಕೂಡ ಇದ್ದಾನೆ. 1933ರಲ್ಲಿ ಓಡಿಹೋಗಿ 1939ರಲ್ಲಿ ಮಯಾಮಿ ಬೀಚಿನಲ್ಲಿ ಸತ್ತ ಸರ್ವಾಧಿಕಾರಿ. ಯಾರ ವಿರುದ್ಧ ಜೈಲಿಗೆ ಹೋದರೋ ಅವನ ನೆರೆಯಲ್ಲೇ ಮಲಗಿದ್ದಾರೆ. ಕೈಹಿಡಿದು ತೋರಿಸಿದ ಕ್ಯೂಬನ್ ಅಜ್ಜಿಯೊಬ್ಬರನ್ನು ಪ್ರಿಯೊ ಹೇಗಿದ್ದರು ಅಂತ ಕೇಳಿದೆ. "ಕದ್ದರು, ಆದರೆ ನಮ್ಮನ್ನು ಹೆದರಿಸಲಿಲ್ಲ" ಅಂದರು.

ಪ್ರಶ್ನೆಗಾರ:

ಅಕ್ಕ, ಅಜ್ಜಿಯ ಮಾತು ಚೆನ್ನಾಗಿದೆ. ಸರಿ, ಮಯಾಮಿಗೆ ಬಂದ ಮೇಲೆ ಏನು ಮಾಡಿದರು? ಹೊರಗೆ ಕೂತು ಸರ್ಕಾರ ಅಂತ ಏನಾದರೂ ರಚಿಸಿದರಾ?

ತುಂಗಾತೀರ:

ಇಲ್ಲ, ಮತ್ತು ಅಲ್ಲೇ ಮುಖ್ಯ ತೊಡಕು. 1940ರ ಸಂವಿಧಾನದ ಪ್ರಕಾರ ಅಧ್ಯಕ್ಷ ಒಂದೇ ಅವಧಿ ಇರಬೇಕು, ತಕ್ಷಣ ಮತ್ತೆ ನಿಲ್ಲುವ ಹಾಗಿಲ್ಲ. ಪ್ರಿಯೊ ಅವಧಿ 1952ರ ಅಕ್ಟೋಬರ್ 10ಕ್ಕೆ ಹೇಗೂ ಮುಗಿಯುತ್ತಿತ್ತು. ಅಂದರೆ ಬಟಿಸ್ಟಾ ಕಸಿದುಕೊಂಡದ್ದು ಅವರ ಕೊನೆಯ ಏಳು ತಿಂಗಳು. ಆ ತಾರೀಖು ದಾಟಿದ ಮೇಲೆ "ನಾನೇ ಕಾನೂನುಬದ್ಧ ಅಧ್ಯಕ್ಷ" ಅನ್ನಲು ಅವರ ಕೈಯಲ್ಲಿ ಕಾಗದವೇ ಇರಲಿಲ್ಲ. ನಿಜಕ್ಕೂ ಅನ್ಯಾಯವಾದದ್ದು ಜೂನ್ ಒಂದಕ್ಕೆ ಮತ ಹಾಕಬೇಕಿದ್ದ ಜನಕ್ಕೆ.

ಹಾಗಾಗಿ ಅವರಿಗೆ ಉಳಿದ ದಾರಿ ಒಪ್ಪಂದ ಮತ್ತು ಬಂದೂಕು. 1953ರ ಜೂನ್‌ನಲ್ಲಿ ಕೆನಡಾದ ಮೊಂಟ್ರಿಯಲ್‌ನಲ್ಲಿ ಒರ್ತೊದೊಕ್ಸೊಗಳ ಒಂದು ಬಣದ ಜೊತೆ ಒಪ್ಪಂದಕ್ಕೆ ಸಹಿ ಬಿತ್ತು: ಹಂಗಾಮಿ ಸರ್ಕಾರ, 1940ರ ಸಂವಿಧಾನ ಮರಳಿ, ಚುನಾವಣೆ. ಕಾಗದದ ಮೇಲೆ ಚೆಂದ ಇತ್ತು. ಎರಡು ತಿಂಗಳೊಳಗೆ, ಜುಲೈ 26ಕ್ಕೆ, ಇವರ ಯಾವ ಒಪ್ಪಂದಕ್ಕೂ ಕಾಯದೆ ಫಿಡೆಲ್ ಕ್ಯಾಸ್ಟ್ರೊ ಅನ್ನುವ ಒಬ್ಬ ಯುವ ವಕೀಲ ಸಾಂತಿಯಾಗೊದ ಮೊಂಕಾದಾ ಸೇನಾ ಠಾಣೆಯ ಮೇಲೆ ದಾಳಿ ಮಾಡಿದ. ಸೋತ, ಜೈಲಿಗೆ ಹೋದ, ಆದರೆ ಆವತ್ತಿನಿಂದ ವಿರೋಧದ ಮುಖ ಬದಲಾಯಿತು.

ಪ್ರಿಯೊ ಆಯುಧ ಕೊಂಡು ಕ್ಯೂಬಾಕ್ಕೆ ಸಾಗಿಸಲು ನೋಡುತ್ತಲೇ ಇದ್ದರು. ಅಮೆರಿಕದ ನೆಲದಿಂದ ಇನ್ನೊಂದು ದೇಶದ ಮೇಲೆ ಯುದ್ಧಕ್ಕೆ ಸಿದ್ಧತೆ ಮಾಡುವುದು ಅಲ್ಲಿಯ ತಟಸ್ಥ ನೀತಿಯ ಕಾನೂನಿಗೆ ವಿರುದ್ಧ. 1953ರ ಡಿಸೆಂಬರ್‌ನಲ್ಲಿ ಅವರನ್ನು ಬಂಧಿಸಿದರು. ಮಾಜಿ ರಾಷ್ಟ್ರಾಧ್ಯಕ್ಷರ ಕೈಗೆ ಬೇಡಿ. 1958ರಲ್ಲಿ ಮತ್ತೆ ಅದೇ ಆರೋಪ, ಮತ್ತೆ ಬಂಧನ.

ಇತಿಹಾಸ ಮೇಷ್ಟ್ರು:

ನಡುವೆ ಒಂದು ಸಲ ಊರಿಗೆ ಮರಳಿದ್ದರು, ಅದನ್ನು ಬಿಡಬಾರದು. 1954ರ ನವೆಂಬರ್‌ನಲ್ಲಿ ಬಟಿಸ್ಟಾ ಒಂದು ಚುನಾವಣೆ ಮಾಡಿದ. ಗ್ರಾವ್ ಸ್ಪರ್ಧಿಸಲು ಹೊರಟು ಕೊನೇ ಗಳಿಗೆಯಲ್ಲಿ ಹಿಂದೆ ಸರಿದರು, ಬಟಿಸ್ಟಾ ಎದುರಾಳಿಯಿಲ್ಲದೆ ಗೆದ್ದ. ಗ್ರಾವ್ ಚುನಾವಣೆ ಅಂದರೆ ಪ್ರಿಯೊ ಬಹಿಷ್ಕಾರ ಅನ್ನುತ್ತಿದ್ದರು. ಒಂದೇ ಪಕ್ಷ ಕಟ್ಟಿದ ಗುರು ಶಿಷ್ಯರಿಬ್ಬರೂ ಹೀಗೆ ಎರಡು ದಿಕ್ಕಿಗೆ ಎಳೆದು ಔತೆಂತಿಕೊ ಪಕ್ಷವನ್ನು ಚಿಂದಿ ಮಾಡಿದರು.

1955ರ ಮೇ ತಿಂಗಳಲ್ಲಿ ಸಾರ್ವತ್ರಿಕ ಕ್ಷಮಾದಾನ ಬಂತು. ಕ್ಯಾಸ್ಟ್ರೊ ಬಿಡುಗಡೆಯಾಗಿ ಮೆಕ್ಸಿಕೊಗೆ ಹೋದರು. ಪ್ರಿಯೊ ಆಗಸ್ಟ್‌ನಲ್ಲಿ ಹವಾನಾಕ್ಕೆ ಬಂದರು. ಒಬ್ಬ ಹೋರಾಟಕ್ಕೆ ಹೊರಗೆ ಹೋಗುವಾಗ ಇನ್ನೊಬ್ಬರು ಮಾತುಕತೆಗೆ ಒಳಗೆ ಬಂದರು, ಇದು ಗಮನಿಸಬೇಕಾದ್ದು. ನವೆಂಬರ್‌ನಲ್ಲಿ ಬಂದರಿನ ಹತ್ತಿರ ವಿರೋಧ ಪಕ್ಷಗಳದೊಂದು ದೊಡ್ಡ ಸಭೆ. ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ವೃದ್ಧ ಕೋಸ್ಮೆ ದೆ ಲಾ ತೋರಿಯೆಂತೆ ಅದರ ಮುಂದಾಳು. ವೇದಿಕೆ ಮೇಲಿನವರು ಚುನಾವಣೆ ಕೇಳುತ್ತಿದ್ದರೆ ಕೆಳಗಿನ ಯುವಕರು "ಕ್ರಾಂತಿ" ಅಂತ ಕೂಗುತ್ತಿದ್ದರು. ಮರುವರ್ಷ ಮಾತುಕತೆ ಮುರಿದುಬಿತ್ತು. 1956ರ ಏಪ್ರಿಲ್ 29ಕ್ಕೆ ಮತಾನ್ಸಾಸ್‌ನ ಗೊಯಿಕುರಿಯಾ ಸೇನಾ ಠಾಣೆಯ ಮೇಲೆ ಔತೆಂತಿಕೊ ಯುವಕರು ದಾಳಿಮಾಡಿ ಸತ್ತರು. ಮೇ ತಿಂಗಳಲ್ಲಿ ಬಟಿಸ್ಟಾ ಪ್ರಿಯೊ ಅವರನ್ನು ವಿಮಾನ ಹತ್ತಿಸಿ ಮತ್ತೆ ಮಯಾಮಿಗೆ ಅಟ್ಟಿದ.

ಕರಾವಳಿ ಹುಡುಗ:

ಈಗ ಮಕಾಲೆನ್ ಕಥೆಗೆ ಬನ್ನಿ ಮೇಷ್ಟ್ರೆ. ಇಡೀ ವಿಷಯದ ಗಂಟು ಇರುವುದೇ ಅಲ್ಲಿ.

ತುಂಗಾತೀರ:

ನಾನೇ ಬರೆಯುತ್ತೇನೆ, ಇದಕ್ಕೇ ಈ ಚರ್ಚೆ ಶುರು ಮಾಡಿದ್ದು.

1952ರ ಮೊದಲ ತಿಂಗಳುಗಳಲ್ಲಿ ಹವಾನಾದ ಅಲೆರ್ತಾ ಪತ್ರಿಕೆಯಲ್ಲಿ ಪ್ರಿಯೊ ವಿರುದ್ಧ ಲೇಖನಗಳು ಬಂದವು. ಅಧ್ಯಕ್ಷರ ಜಮೀನುಗಳಲ್ಲಿ ಸರ್ಕಾರಿ ಸಂಬಳದ ಸೈನಿಕರು ಕೂಲಿ ಕೆಲಸ ಮಾಡುತ್ತಿದ್ದಾರೆ ಅಂತ ಅದರಲ್ಲಿ ಬಯಲು ಮಾಡಿದ್ದರು. ಬರೆದವರು ಫಿಡೆಲ್ ಕ್ಯಾಸ್ಟ್ರೊ. ಗಣರಾಜ್ಯದಿಂದ ಕದ್ದ ದುಡ್ಡಿನಲ್ಲಿ ಕ್ರಾಂತಿ ಆಗುವುದಿಲ್ಲ ಅಂತ ಆಮೇಲೂ ಸಾರಿಕೊಂಡು ಬಂದವರು ಅವರೇ. ಒಂದು ಕಾಲದಲ್ಲಿ ಹೊಸೆ ಮಾರ್ತಿ ಕೀ ವೆಸ್ಟ್ ಮತ್ತು ಟ್ಯಾಂಪಾದ ತಂಬಾಕು ಕಾರ್ಮಿಕರಿಂದ ಚಿಲ್ಲರೆ ಕಾಸು ಕೂಡಿಸಿ ಸ್ವಾತಂತ್ರ್ಯ ಯುದ್ಧ ಕಟ್ಟಿದ್ದರು. 1955ರ ಕೊನೆಗೆ ಕ್ಯಾಸ್ಟ್ರೊ ಅದೇ ದಾರಿಯಲ್ಲಿ ಅಮೆರಿಕದ ಕ್ಯೂಬನ್ನರ ನಡುವೆ ಟೋಪಿ ಹಿಡಿದು ತಿರುಗಿದರು. ಬಂದ ಹಣ ಸಾಲಲಿಲ್ಲ. ಮೆಕ್ಸಿಕೊ ಪೊಲೀಸರು ಆಯುಧ ಹಿಡಿದರು, ಹುಡುಗರನ್ನು ಜೈಲಿಗೆ ಹಾಕಿದರು.

1956ರ ಸೆಪ್ಟೆಂಬರ್‌ನಲ್ಲಿ ಕ್ಯಾಸ್ಟ್ರೊ ವೀಸಾ ಇಲ್ಲದೆ ರಿಯೊ ಗ್ರಾಂದೆ ನದಿ ದಾಟಿ ಟೆಕ್ಸಸ್‌ನ ಮಕಾಲೆನ್‌ಗೆ ಬಂದರು. ಅಲ್ಲಿಯ ಕಾಸಾ ದೆ ಪಾಲ್ಮಾಸ್ ಹೋಟೆಲಿನಲ್ಲಿ ಪ್ರಿಯೊ ಕಾದಿದ್ದರು. ಯಾರನ್ನು ಕಳ್ಳ ಅಂದಿದ್ದರೋ ಅವರ ಕೋಣೆಗೆ ಹೋಗಿ ಕೂರಬೇಕಾದ ಸಂಕಟ ಒಬ್ಬರದು. ತನ್ನನ್ನು ಪತ್ರಿಕೆಯಲ್ಲಿ ಬೆತ್ತಲೆ ಮಾಡಿದವನಿಗೇ ಹಣ ಕೊಡಬೇಕಾದ ಸಂಕಟ ಇನ್ನೊಬ್ಬರದು. ಸುಮಾರು 50,000 ಡಾಲರ್ ಕೈ ಬದಲಾಯಿತು ಅಂತ ಹೆಚ್ಚಿನ ಇತಿಹಾಸಕಾರರು ಬರೆಯುತ್ತಾರೆ. ಗ್ರಾನ್ಮಾ ಹೆಸರಿನ ಹಳೆಯ ದೋಣಿಯನ್ನು ಕೊಂಡದ್ದು ಆ ಹಣ ಬಂದ ಮೇಲೆ. ನವೆಂಬರ್ 25ರಂದು ಮೆಕ್ಸಿಕೊದ ತುಕ್ಸ್‌ಪಾನ್‌ನಿಂದ 82 ಜನ ಅದರಲ್ಲಿ ತುರುಕಿಕೊಂಡು ಹೊರಟರು. ಮುಂದಿನದು ಎಲ್ಲರಿಗೂ ಗೊತ್ತು.

ಪ್ರಿಯೊ ಲೆಕ್ಕಾಚಾರ ಏನಿತ್ತು? ಈ ಹುಡುಗ ಪೂರ್ವ ಕ್ಯೂಬಾದಲ್ಲಿ ಗದ್ದಲ ಎಬ್ಬಿಸಲಿ, ಸೇನೆ ಆ ಕಡೆ ತಿರುಗಲಿ, ಆಗ ಅಧಿಕಾರ ಹಳೆಯ ನಾಯಕರ ಕೈಗೆ ಬರುತ್ತದೆ ಅಂತ ಇದ್ದಿರಬಹುದು ಅನ್ನುವುದು ನನ್ನ ಊಹೆ.

ಇತಿಹಾಸ ಮೇಷ್ಟ್ರು:

ಊಹೆಗೆ ಬಲ ಇದೆ, ಯಾಕೆಂದರೆ ಒಬ್ಬ ಕ್ಯಾಸ್ಟ್ರೊಗೆ ಮಾತ್ರ ಅವರು ಹಣ ಕೊಟ್ಟಿದ್ದಲ್ಲ. 1957ರ ಮಾರ್ಚ್ 13ರಂದು ಅಧ್ಯಕ್ಷರ ಅರಮನೆ ಮೇಲೆ ನಡೆದ ದಾಳಿಯಲ್ಲಿ ವಿದ್ಯಾರ್ಥಿಗಳ ಜೊತೆ ಔತೆಂತಿಕೊ ನಾಯಕ ಮೆನೆಲಾವೊ ಮೋರಾ ಇದ್ದರು, ಅಲ್ಲೇ ಸತ್ತರು. ಅದೇ ಮೇ ತಿಂಗಳಲ್ಲಿ ಪ್ರಿಯೊ ಹಣದಿಂದ ಕೊರಿಂತಿಯಾ ಎಂಬ ದೋಣಿ ಮಯಾಮಿಯಿಂದ ಹೊರಟಿತು. ಕಲಿಕ್ಸ್ತೊ ಸಾಂಚೆಸ್ ನಾಯಕ, ಜೊತೆಗೆ ಇಪ್ಪತ್ತಾರು ಜನ. ದಡ ಸೇರಿ ಕೆಲವೇ ದಿನದಲ್ಲಿ ಸೇನೆಯ ಕೈಗೆ ಸಿಕ್ಕರು, ಹೆಚ್ಚಿನವರನ್ನು ನಿಲ್ಲಿಸಿ ಕೊಂದರು. ಗ್ರಾನ್ಮಾದ್ದೂ ಹೀಗೇ ಮುಗಿಯಬಹುದಿತ್ತು. ಕೊರಿಂತಿಯಾದ ಹುಡುಗರ ಹೆಸರು ಇವತ್ತು ಯಾರ ಬಾಯಲ್ಲೂ ಇಲ್ಲ ಅನ್ನುವುದು ನನ್ನನ್ನು ಕಾಡುತ್ತದೆ.

ಪ್ರಶ್ನೆಗಾರ:

ಇಷ್ಟೆಲ್ಲ ಕೊಟ್ಟ ಮೇಲೆ ಕ್ಯಾಸ್ಟ್ರೊ ಕಡೆಯಿಂದ ಏನು ಸಿಕ್ಕಿತು?

ತುಂಗಾತೀರ:

ಒಂದು ಪತ್ರ ಸಿಕ್ಕಿತು. 1957ರ ನವೆಂಬರ್ 1ಕ್ಕೆ ವಿರೋಧಿಗಳೆಲ್ಲ ಮಯಾಮಿಯಲ್ಲಿ ಸೇರಿ ವಿಮೋಚನಾ ಮಂಡಳಿ ಅಂತ ಮಾಡಿಕೊಂಡರು. ಪ್ರಿಯೊಗೆ ಅದರಲ್ಲಿ ಮುಖ್ಯ ಸ್ಥಾನ. ಕ್ಯಾಸ್ಟ್ರೊ ಹೆಸರಿನಲ್ಲೂ ಕೆಲವರು ಸಹಿ ಹಾಕಿಬಿಟ್ಟರು. ಡಿಸೆಂಬರ್ 14ಕ್ಕೆ ಸಿಯೆರ್ರಾ ಮಾಯೆಸ್ತ್ರಾ ಬೆಟ್ಟದಿಂದ ಉತ್ತರ ಬಂತು: ಕಾಡಿನಲ್ಲಿ ಸಾಯುತ್ತಿರುವ ನಮ್ಮನ್ನು ಕೇಳದೆ ನೀವು ಹೊರಗೆ ಕೂತು ಮಾಡಿದ ಒಪ್ಪಂದ ನಮಗೆ ಬೇಡ, ಹಂಗಾಮಿ ಅಧ್ಯಕ್ಷರಾಗಿ ನ್ಯಾಯಾಧೀಶ ಮನುಯೆಲ್ ಉರ್ರೂತಿಯಾ ಆಗಲಿ. ಮಂಡಳಿ ಅಲ್ಲಿಗೆ ಮುರಿಯಿತು. ಮರುವರ್ಷ ಜುಲೈನಲ್ಲಿ ಕರಾಕಸ್‌ನಲ್ಲಿ ಇನ್ನೊಂದು ಒಪ್ಪಂದ ಆದಾಗ ಪ್ರಿಯೊ ಸಹಿ ಅದರಲ್ಲೂ ಇತ್ತು, ಆದರೆ ಆ ಹೊತ್ತಿಗೆ ಯಾರ ಮಾತು ನಡೆಯುತ್ತದೆ ಅನ್ನುವುದು ತೀರ್ಮಾನವಾಗಿತ್ತು.

ಮಯಾಮಿ ಕನ್ನಡತಿ:

1959ರ ಜನವರಿಯಲ್ಲಿ ಅವರು ಸಂಭ್ರಮದಿಂದ ಹವಾನಾಕ್ಕೆ ಮರಳಿದರು. ಇಲ್ಲಿ ಅವರ ಬಗ್ಗೆ ನನಗೆ ನಿಜವಾಗಿ ಕನಿಕರ ಬರುತ್ತದೆ. ಚುನಾವಣೆ ಇವತ್ತು ಬರುತ್ತದೆ ನಾಳೆ ಬರುತ್ತದೆ ಅಂತ ಎರಡು ವರ್ಷ ಕ್ರಾಂತಿಯನ್ನು ಬಹಿರಂಗವಾಗಿ ಬೆಂಬಲಿಸಿದರು. "ಚುನಾವಣೆ ಯಾಕೆ?" ಅಂತ ಕ್ಯಾಸ್ಟ್ರೊ ಜನಸಾಗರದ ಮುಂದೆ ಕೇಳಿದ್ದು 1960ರಲ್ಲಿ. 1961ರ ಆರಂಭದಲ್ಲಿ ಪ್ರಿಯೊ ಮೂರನೇ ಸಲ ದೇಶ ಬಿಟ್ಟರು, ಇನ್ನು ಮರಳಲಿಲ್ಲ.

ಆಗ ಮಯಾಮಿ ಬೇರೆಯೇ ಊರಾಗಿತ್ತು. ಬಟಿಸ್ಟಾ ಕಡೆಯವರು ಮೊದಲೇ ಬಂದಿದ್ದರು. ಆಸ್ತಿ ಕಳಕೊಂಡವರು, ವೈದ್ಯರು, ಶಿಕ್ಷಕರು, ಅಪ್ಪ ಅಮ್ಮನಿಲ್ಲದೆ ಬಂದ ಮಕ್ಕಳು. ಮರುವರ್ಷದಿಂದ ಫ್ರೀಡಂ ಟವರ್ ಕಟ್ಟಡದಲ್ಲಿ ನಿರಾಶ್ರಿತರ ಸಾಲು. ಬಟಿಸ್ಟಾ ಬೆಂಬಲಿಗರ ಕಣ್ಣಿಗೆ ಪ್ರಿಯೊ ಅಂದರೆ ಕ್ಯಾಸ್ಟ್ರೊಗೆ ದುಡ್ಡು ಕೊಟ್ಟವನು, ಉಳಿದವರ ಕಣ್ಣಿಗೆ ಬಟಿಸ್ಟಾಗೆ ದಾರಿ ಬಿಟ್ಟವನು. ಎರಡೂ ಕಡೆಯ ದೂರು ಒಬ್ಬರ ಮೇಲೆ. ಏಪ್ರಿಲ್‌ನಲ್ಲಿ ಕ್ಯಾಸ್ಟ್ರೊ ಸರ್ಕಾರದ ಮೇಲೆ ಅಮೆರಿಕ ಬೆಂಬಲದ ಹಂದಿ ಕೊಲ್ಲಿಯ ದಾಳಿ ನಡೆದಾಗ ದೇಶಭ್ರಷ್ಟರ ಮಂಡಳಿಯ ಮುಖ್ಯಸ್ಥ ಹೊಸೆ ಮಿರೊ ಕಾರ್ದೊನಾ. ಪ್ರಿಯೊ ಸರ್ಕಾರದಲ್ಲಿ ಪ್ರಧಾನಿಯಾಗಿದ್ದ ತೋನಿ ವರೋನಾ ಕೂಡ ಆ ಮಂಡಳಿಯಲ್ಲಿ ದೊಡ್ಡ ಹೆಸರು. ಪ್ರಿಯೊ ಅದರಲ್ಲಿ ಇರಲಿಲ್ಲ.

1977ರ ಏಪ್ರಿಲ್ 5ರಂದು ಮಯಾಮಿ ಬೀಚಿನ ಮನೆಯಲ್ಲಿ ಪ್ರಿಯೊ ಆತ್ಮಹತ್ಯೆ ಮಾಡಿಕೊಂಡರು. 73 ವಯಸ್ಸು. ಅದರ ಸುತ್ತ ಎಷ್ಟೋ ಗುಸುಗುಸು ಕಥೆಗಳಿವೆ, ದಯವಿಟ್ಟು ಅವನ್ನು ಇಲ್ಲಿಗೆ ತರಬೇಡಿ.

ಕರಾವಳಿ ಹುಡುಗ:

ಒಪ್ಪುತ್ತೇನೆ ಅಕ್ಕ. ಆದರೆ ತುಂಗಾತೀರ ಸರ್ ಜೊತೆ ಒಂದು ಜಗಳ ಬಾಕಿ ಇದೆ. "ಜನ ನನ್ನನ್ನು ಕೆಟ್ಟ ಅಧ್ಯಕ್ಷ ಅನ್ನುತ್ತಾರೆ, ಇರಬಹುದು. ಆದರೆ ಕ್ಯೂಬಾ ಕಂಡ ಅಧ್ಯಕ್ಷರಲ್ಲಿ ನಾನೇ ಉತ್ತಮ" ಎಂಬ ಅರ್ಥದ ಮಾತನ್ನು ಪ್ರಿಯೊ ಹೇಳಿದರು ಅಂತ ಪ್ರಸಿದ್ಧಿ ಇದೆ. ನನಗೆ ಅದರಲ್ಲಿ ಸತ್ಯ ಕಾಣುತ್ತದೆ. ಅವರ ನಂತರ ಬಂದ ಯಾರನ್ನಾದರೂ ಕ್ಯೂಬಾದ ಜನ ಅಷ್ಟು ಮುಕ್ತವಾಗಿ ಬೈದು ಮನೆಗೆ ಬಂದು ನೆಮ್ಮದಿಯಾಗಿ ಮಲಗಿದ್ದು ಉಂಟಾ?

ತುಂಗಾತೀರ:

ಇಲ್ಲ. ಆ ಮಾತನ್ನು ನಾನು ತೆಗೆದುಹಾಕುವುದಿಲ್ಲ. ಆದರೆ ಆ ಸ್ವಾತಂತ್ರ್ಯವನ್ನು ಕಾಯಬೇಕಾದ ಮನೆಯ ಕಂಬಕ್ಕೆ ಗೆದ್ದಲು ಹಿಡಿಸಿದ್ದೂ ಅವರ ಸರ್ಕಾರವೇ. ಚಿಬಾಸ್ ಸತ್ತ ಮೇಲಾದರೂ ಪಿಸ್ತೂಲಿನ ಗುಂಪುಗಳ ಸಂಬಳ ನಿಲ್ಲಿಸಿ, ಜಮೀನಿನ ಲೆಕ್ಕ ಬಯಲಿಗಿಟ್ಟಿದ್ದರೆ ಮಾರ್ಚ್ 10ರ ಬೆಳಿಗ್ಗೆ ಬೀದಿ ಖಾಲಿ ಇರುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಇತಿಹಾಸ ಮೇಷ್ಟ್ರು:

ನನ್ನದು ಸ್ವಲ್ಪ ಬೇರೆ. ಆ ಬೆಳಿಗ್ಗೆಯ ಮಟ್ಟಿಗೆ ನೋಡಿದರೆ ವಿದ್ಯಾರ್ಥಿಗಳಿಗೆ ಆಯುಧ ಕೊಡದೆ ರಕ್ತಪಾತ ತಪ್ಪಿಸಿದರು ಅಂತಲೂ ಹೇಳಬಹುದು. ನನ್ನ ದೂರು ಆಮೇಲಿನದು. ಮೆಕ್ಸಿಕೊದಲ್ಲಿ ವಿಮಾನ ಇಳಿದ ದಿನವೇ "ನನ್ನ ಅವಧಿ ಅಕ್ಟೋಬರ್‌ವರೆಗೆ, ನನಗೆ ಮತ್ತೆ ಕುರ್ಚಿ ಬೇಡ, ಜೂನ್ ಒಂದರ ಚುನಾವಣೆ ಮಾತ್ರ ಬೇಕು" ಅಂತ ಹೇಳಿ, ಹೇವಿಯಾ ಮತ್ತು ಅಗ್ರಮೋಂತೆ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ವಾಷಿಂಗ್ಟನ್ನಿನ ಬಾಗಿಲು ಬಡಿಯಬಹುದಿತ್ತು. ಎರಡೂ ಪಕ್ಷ ಒಟ್ಟಿಗೆ ನಿಂತ ಆ ಬೇಡಿಕೆಯನ್ನು ತಳ್ಳಿಹಾಕುವುದು ಅಮೆರಿಕಕ್ಕೂ ಕಷ್ಟ ಆಗುತ್ತಿತ್ತು. ಮೊಂಟ್ರಿಯಲ್ ಒಪ್ಪಂದದಲ್ಲಿ ಹೆಚ್ಚುಕಡಿಮೆ ಇದೇ ಇತ್ತು, ಆದರೆ ಅದು ಬಂದದ್ದು ಹದಿನೈದು ತಿಂಗಳು ತಡವಾಗಿ, ಅದೂ ಒರ್ತೊದೊಕ್ಸೊಗಳ ಅರ್ಧ ಪಕ್ಷದ ಜೊತೆ.

ಪ್ರಶ್ನೆಗಾರ:

ಮೇಷ್ಟ್ರೆ, ಒರ್ತೊದೊಕ್ಸೊಗಳ ಇನ್ನರ್ಧ ಯಾಕೆ ಬರಲಿಲ್ಲ?

ಇತಿಹಾಸ ಮೇಷ್ಟ್ರು:

ಕಳ್ಳರು ಅಂತ ಬೈದುಕೊಂಡೇ ಕಟ್ಟಿದ ಪಕ್ಷ ಅದು, ಪ್ರಿಯೊ ಜೊತೆ ಒಂದೇ ಮೇಜಿಗೆ ಕೂತರೆ ಚಿಬಾಸ್‌ಗೆ ದ್ರೋಹ ಅಂದರು. ಅಲ್ಲಿಗೆ ತುಂಗಾತೀರ ಅವರ ವಾದವೇ ಗೆದ್ದ ಹಾಗಾಯಿತು.